ಎದುರುಮನೆ ವರದಿಯಲ್ಲಿ ನಾನು ಬರೆದ ಸುಳ್ಳು

ನೆರಳುಚಾವಡಿ, ಹಳಿಯಾಳದ ಪಡುವಣ ಕಾಡು
ನದಿ ಬಿಟ್ಟ ನೂರ ಹದಿನಾಲ್ಕನೇ ವರ್ಷ, ಎರಡನೇ ಮಳೆಗಾಲದ ಮೂರನೇ ವಾರ

ಅಜ್ಜಿ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ಕಾಳಿ ನದಿಯ ಅಣೆಕಟ್ಟುಗಳನ್ನು ಬಿಚ್ಚಿ ನೀರನ್ನು ಅದರ ಪಾಡಿಗೆ ಹರಿಯಲು ಬಿಟ್ಟ ದಿನದಿಂದ ನಾವು ವರ್ಷ ಎಣಿಸುತ್ತೇವೆ. ನಿನ್ನ ಮನೆಯ ಗೋಡೆಯ ಕ್ಯಾಲೆಂಡರಿನ ಪ್ರಕಾರ ಇದು ಎರಡು ಸಾವಿರದ ಇನ್ನೂರ ಎಂಬತ್ತೇಳು. ಮಳೆಗಾಲವೂ ನಮಗೆ ಎರಡು, ನಡುವೆ ಬರುವುದು ಬಿಸಿಲಲ್ಲ, ಬೆಂಕಿ. ನನ್ನ ಕನ್ನಡ ನಿನಗೆ ಅಲ್ಲಲ್ಲಿ ಒರಟಾಗಿ ಕಾಣಬಹುದು. ನಿನ್ನ ಕಾಲದ ಪುಸ್ತಕಗಳನ್ನು ಮುಂದಿಟ್ಟುಕೊಂಡು ಆದಷ್ಟು ನಿನಗೆ ತಿಳಿಯುವ ಹಾಗೆ ಬರೆಯುತ್ತಿದ್ದೇನೆ. ಗೊತ್ತಿಲ್ಲದ ಮಾತು ಬಂದರೆ ಅಲ್ಲೇ ನಿಂತು ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳದೆ ಓದು.

ನಾನು ಪಾವ್ಲಿನಾ, ಸಿದ್ದಿಯರ ಹೆಂಗಸು. ನಿನ್ನ ಮೊಮ್ಮಗಳ ಮೊಮ್ಮಗಳ ಮೊಮ್ಮಗಳೋ ಏನೋ, ಸರಿಯಾಗಿ ಹೇಳುವವರು ಯಾರೂ ಉಳಿದಿಲ್ಲ. ನಿನಗೀಗ ಇಪ್ಪತ್ತೈದೋ ಮೂವತ್ತೋ ಇರಬೇಕು, ನನಗೆ ಅರವತ್ತಾರು. ಆದರೂ ಅಜ್ಜಿ ಅನ್ನಿಸಿಕೊಳ್ಳುವವಳು ನೀನೇ, ಬೈಸಿಕೊಳ್ಳುವವಳೂ ನೀನೇ. ನಮ್ಮಲ್ಲಿ ಅರವತ್ತು ದಾಟಿದವರೆಲ್ಲ ಒಂದು ಹಿಂದಂಚೆ ಬರೆಯಬೇಕು. ಹಿಂದಂಚೆ ಎಂದರೆ ನಮಗಿಂತ ಮೊದಲು ಬದುಕಿದವರಿಗೆ ಬರೆಯುವ ಕಾಗದ. ಹಿರಿಯರ ಪೂಜೆಯ ದಿನ ಅದನ್ನು ಅಡುಗೆಮನೆಯ ಮೂಲೆಯಲ್ಲಿ, ಹಿರಿಯರೆಂದು ಇಟ್ಟ ತೆಂಗಿನಕಾಯಿಯ ಪಕ್ಕ ಇಡುತ್ತೇವೆ. ಯಾರಿಗೂ ಮುಟ್ಟುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಹೆಚ್ಚಿನವರು ನಾಲ್ಕು ಸಾಲು ಕ್ಷೇಮ ಸಮಾಚಾರ ಗೀಚಿ ಕೈತೊಳೆದುಕೊಳ್ಳುತ್ತಾರೆ. ನಾನು ಆರು ವರ್ಷ ಮುಂದೂಡಿ ಈಗ ಕುಳಿತಿದ್ದೇನೆ, ಯಾಕೆಂದರೆ ನಿಜವಾಗಿ ಬರೆಯಬೇಕಾದ ಕಾಗದ ಬೇರೆಯೇ ಇದೆ ಮತ್ತು ಅದನ್ನು ಬರೆಯಲು ನನಗೆ ಮನಸ್ಸು ಬರುತ್ತಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನ್ನದು ಹೊಟ್ಟೆಕಿಚ್ಚಿನ ಸ್ವಭಾವ. ಮುಚ್ಚಿಟ್ಟು ಪ್ರಯೋಜನವಿಲ್ಲ, ಊರಿಗೇ ಗೊತ್ತು. ಪಕ್ಕದ ಮನೆಯ ಹಲಸು ಮೊದಲು ಕಾಯಿಬಿಟ್ಟರೆ ಆ ದಿನ ನನಗೆ ಊಟ ಸೇರುವುದಿಲ್ಲ. ಇಂಥವಳನ್ನೇ ಊರವರು ಹುಡುಕಿ ಎದುರುಮನೆ ವರದಿಗೆ ಆರಿಸಿದರು. ಹೊಟ್ಟೆಕಿಚ್ಚಿನವಳ ಕಣ್ಣಿಗೆ ಎಲ್ಲವೂ ಬೀಳುತ್ತದೆ ಅನ್ನುವುದು ಅವರ ಲೆಕ್ಕಾಚಾರ.

ಎದುರುಮನೆ ಅಂದರೆ ಇಷ್ಟು. ಒಂದು ಕಾಲದಲ್ಲಿ ಬುಡಸಮೇತ ಕಿತ್ತು ಬೇರೆ ನೆಲಕ್ಕೆ ಎಸೆಯಲ್ಪಟ್ಟ ಜನಗಳನ್ನು ಲೋಕದವರೆಲ್ಲ ಸೇರಿ ಎರಡೆರಡಾಗಿ ಜೋಡಿ ಮಾಡಿದ್ದಾರೆ. ನಮ್ಮನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದರು, ನಾವು ತಪ್ಪಿಸಿಕೊಂಡು ಘಟ್ಟ ಹತ್ತಿದೆವು. ನಮ್ಮ ಎದುರುಮನೆಯವರು ಪೊಟವಾಟಮಿ ಜನ. ಅವರನ್ನು ಅಮೆರಿಕದ ದೊಡ್ಡ ಸರೋವರಗಳ ಸೀಮೆಯಿಂದ ಬಂದೂಕಿನ ಸಿಪಾಯಿಗಳು ಎಬ್ಬಿಸಿ, ಎರಡು ತಿಂಗಳು ನಡೆಸಿಕೊಂಡು ದೂರದ ಬಯಲಿಗೆ ಸಾಗಿಸಿದರು. ದಾರಿಯಲ್ಲಿ ಸತ್ತವರಲ್ಲಿ ಹೆಚ್ಚಿನವರು ಮಕ್ಕಳು. ಈಗ ಅವರಲ್ಲಿ ಕೆಲವರು ಮರಳಿ ಸರೋವರದ ದಡಕ್ಕೆ ಬಂದು ನೆಲೆಸಿದ್ದಾರೆ. ನಲವತ್ತು ವರ್ಷಕ್ಕೊಮ್ಮೆ ಆ ಕಡೆಯ ಒಬ್ಬ ಹೆಂಗಸು ಈ ಕಡೆ, ಈ ಕಡೆಯ ಒಬ್ಬಳು ಆ ಕಡೆ ಒಂದೊಂದು ವರ್ಷ ಇರುತ್ತಾರೆ. ಊಟ, ನೀರು, ಶಾಲೆ, ಕಾಯಿಲೆ, ಮದುವೆ, ಮಾತು ಎಲ್ಲವನ್ನೂ ನೋಡಿ, ಎರಡು ಕಡೆಯ ಸ್ಥಿತಿಗತಿ ಹೋಲಿಸಿ ವರದಿ ಬರೆಯುತ್ತಾರೆ. ತನ್ನ ಊರಿನಲ್ಲಿ ಯಾವುದು ಕೊರತೆ ಎಂದು ಅವಳು ಬರೆಯುತ್ತಾಳೋ ಅದನ್ನು ಎದುರುಮನೆಯವರು ಮುಂದಿನ ನಲವತ್ತು ವರ್ಷ ಬಂದು ಕಲಿಸಬೇಕು. ಬರೆಯದೆ ಬಿಟ್ಟದ್ದನ್ನು ಯಾರೂ ಕೇಳುವಂತಿಲ್ಲ.

ಹತ್ತು ವರ್ಷದ ಹಿಂದೆ, ಮೊದಲು ಆ ಕಡೆಯವಳು ಬಂದಳು. ಅವಳ ಹೆಸರು ಜೋಸೆಟ್ ವಾಸೆಕ್ವೆ, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವಳು. ಅವಳ ಹೆಸರು ಫ್ರೆಂಚ್ ಪಾದ್ರಿಗಳ ಕಡೆಯಿಂದ ಬಂದದ್ದು, ನನ್ನದು ಪೋರ್ಚುಗೀಸರ ಕಡೆಯಿಂದ. ಕೊಟ್ಟವರ ಬಗ್ಗೆ ಇಬ್ಬರಿಗೂ ಹೇಳಿಕೊಳ್ಳುವಂಥ ಪ್ರೀತಿಯೇನೂ ಇರಲಿಲ್ಲವಾದ್ದರಿಂದ ಮೊದಲ ವಾರ ಚೆನ್ನಾಗಿಯೇ ಹೊಂದಿಕೊಂಡೆವು. ಅವಳು ಕನ್ನಡ ಕಲಿತು ಬಂದಿದ್ದಳು, ಅದೂ ಪುಸ್ತಕದ ಕನ್ನಡ. ಗಂಜಿ ಬಡಿಸಿದರೆ "ಇದು ಅತ್ಯಂತ ರುಚಿಕರವಾಗಿರುತ್ತದೆ" ಅನ್ನುತ್ತಿದ್ದಳು. ಹಳಿಯಾಳದ ಸಂತೆಗೆ ಕರೆದುಕೊಂಡು ಹೋದರೆ ಅಂಗಡಿಯವನು ಅವಳಿಗೆ ಕುರ್ಚಿ ಹಾಕಿ, ನನ್ನ ಕಡೆ ತಿರುಗಿ, "ನೀವು ಯಾವ ದೇಶದವ್ರು? ಕನ್ನಡ ಚಲೋ ಮಾತಾಡ್ತೀರಿ" ಅಂದ. ಈ ಕಾಡಿಗೆ ಬಂದು ಐನೂರು ವರ್ಷವಾದ ಮೇಲೂ ನನ್ನ ಕೂದಲು ನೋಡಿ ಅದೇ ಪ್ರಶ್ನೆ. ನಿನ್ನ ಕಾಲದಲ್ಲೂ ಕೇಳುತ್ತಿದ್ದರು ಎಂದು ಓದಿದ್ದೇನೆ. ಏನೂ ಬದಲಾಗಿಲ್ಲ.

ನನ್ನ ತಾಯಿ ಕಾತ್ರಿನ್ ಆಗ ಬದುಕಿದ್ದಳು, ಎಂಬತ್ತನಾಲ್ಕರ ಮುದುಕಿ. ನಮ್ಮ ಮನೆಮಾತಿನಲ್ಲಿ ತಾಯಿಗೆ ಆಯಿ ಎನ್ನುತ್ತೇವೆ. ಉರಿಗೆ ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗೆ ಹೊರಗೆ ಕಾಲಿಡುವ ಹಾಗಿಲ್ಲವಾದ್ದರಿಂದ ಊರೆಲ್ಲ ನೆರಳುಚಾವಡಿಯಲ್ಲೇ ಇರುತ್ತದೆ. ನೆಲಕ್ಕಿಂತ ಆರಡಿ ಕೆಳಗೆ ತೋಡಿ, ಮೇಲೆ ಬಿದಿರು ಹೊದಿಸಿದ ಉದ್ದನೆಯ ಕೋಣೆ ಅದು. ಮಕ್ಕಳ ಪಾಠ, ಹಲಸಿನ ಹಿಟ್ಟು ಬೀಸುವುದು, ಜಗಳ, ನಿದ್ದೆ ಎಲ್ಲವೂ ಅಲ್ಲೇ. ಆಯಿ ಅಲ್ಲಿ ಕಂಬಕ್ಕೆ ಒರಗಿ, ತೀರಿಹೋದವರ ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ನೀನೂ ಹೊಲಿಯುತ್ತೀಯ, ನಿನಗೆ ಹೇಳಬೇಕಾಗಿಲ್ಲ. ಅಂಚಿನಿಂದ ಹಿಡಿದು ಸುತ್ತು ಹಾಕುತ್ತಾ ನಡುವಿಗೆ ಬರುವುದು, ಮೂಲೆಗೆ ಬಟ್ಟೆ ಮಡಿಚಿ ಮಾಡಿದ ಹೂವು, ಅಂದರೆ ಫೂಲಾ ಇಡುವುದು, ಕೊನೆಯ ತುಂಡು ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಅಕ್ಕಿ ಹಾಕಿ ಕೌದಿಯ ಹೊಟ್ಟೆ ತುಂಬಿಸುವುದು. ಆದರೆ ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿ ಇದೆ. ಆ ಹೊಟ್ಟೆ ಮುಚ್ಚುವಾಗ ಮನೆಯ ಹಿರಿಯ ಹೆಂಗಸು ಒಂದು ಹಾಡು ಹೇಳಬೇಕು. ಉಳಿದವರು ಬಾಯಿ ತೆರೆಯಬಾರದು. ಅದು ಕನ್ನಡವಲ್ಲ, ಕೊಂಕಣಿಯಲ್ಲ, ಮರಾಠಿಯೂ ಅಲ್ಲ. ಸಮುದ್ರ ದಾಟಿ ಬಂದ ಮಾತು ನಮ್ಮಲ್ಲಿ ಉಳಿದಿದ್ದರೆ ಅಷ್ಟೇ ಉಳಿದಿತ್ತು. ಅರ್ಥ ಆಯಿಗೂ ಗೊತ್ತಿರಲಿಲ್ಲ.

ಜೋಸೆಟ್ ಅದನ್ನು ಒಂದೇ ಸಲ ಕೇಳಿ ಎದ್ದು ಕುಳಿತಳು. ಮತ್ತೆ ಹಾಡಿ ಎಂದು ಕೇಳಿದ್ದಕ್ಕೆ ಆಯಿ, "ಹಾಡು ಅಂದ್ರ ಹಾಡೂದೇನ? ಹೊಟ್ಟಿ ಮುಚ್ಚೂ ಹೊತ್ತಿಗೆ ಅದು ತಾನ ಬರತೈತಿ" ಅಂದಳು. ಬೇರೆಯವರಾಗಿದ್ದರೆ ಗೋಗರೆಯುತ್ತಿದ್ದರು. ಇವಳು ಸೂಜಿ ಎತ್ತಿಕೊಂಡು ಆಯಿಯ ಬಗಲಲ್ಲಿ ಕುಳಿತು ಹೊಲಿಯತೊಡಗಿದಳು, ಅಷ್ಟೇ. ಆ ವರ್ಷ ನಾಲ್ಕು ಕೌದಿ ಮುಗಿದವು. ನಾಲ್ಕು ಸಲ ಹಾಡು ಕೇಳಿದಳು. ನಾನು? ನಾನು ಹಿಟ್ಟು ಬೀಸುವ ನೆಪ ಮಾಡಿ ಚಾವಡಿಯ ಆ ತುದಿಗೆ ಹೋಗುತ್ತಿದ್ದೆ. ನನ್ನ ಹೆತ್ತವಳು ಪರದೇಶದ ಹೆಂಗಸಿನ ಭುಜಕ್ಕೆ ಒರಗಿ ಹಾಡುವುದನ್ನು ನೋಡಲಾಗುತ್ತಿರಲಿಲ್ಲ. ಒಂದು ದಿನ ತಡೆಯದೆ, ನನಗ್ಯಾಕೆ ಯಾವತ್ತೂ ಹೇಳಿಕೊಡಲಿಲ್ಲ ಎಂದು ಕೇಳಿಯೇಬಿಟ್ಟೆ. ಆಯಿ ದಾರ ಕಚ್ಚಿ ತುಂಡು ಮಾಡಿ, "ನೀ ಯಾವತ್ತರ ಬಾಜೂಕ ಕುಂತೀ? ಆಕಿ ಕುಂತಾಳ" ಅಂದಳು. ಮೂರು ದಿನ ನಾನು ಅವಳ ಜೊತೆ ಮಾತು ಬಿಟ್ಟೆ.

ಹೊರಡುವ ದಿನ ಜೋಸೆಟ್ ನನ್ನ ಕೈ ಹಿಡಿದು, ತನ್ನ ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು. "ನಮ್ಮ ಭಾಷೆಯು ಒಮ್ಮೆ ಕೈಬೆರಳೆಣಿಕೆಯ ಮುದುಕರ ಬಾಯಲ್ಲಿ ಮಾತ್ರ ಇತ್ತು. ಅವರ ಬಳಿ ಕುಳಿತುಕೊಳ್ಳುವುದು ಹೇಗೆಂದು ನಾವು ಕಲಿತೆವು. ಪಾವ್ಲಿನಾ, ನೀವು ವರದಿಯಲ್ಲಿ ಮಾತು ಎಂಬಲ್ಲಿ ಕೊರತೆ ಎಂದು ಬರೆಯಿರಿ. ನಮ್ಮ ಮಾತುಕೂಡುವವರು ಮೊದಲ ಹಡಗಿಗೇ ಬರುವರು. ತಾಯಿಯವರಿಗೆ ವಯಸ್ಸಾಗಿದೆ." ಮಾತುಕೂಡುವವರು ಅಂದರೆ ಅಳಿದುಹೋಗುತ್ತಿರುವ ಮಾತುಗಳನ್ನು ಕೇಳಿ, ಅವು ಯಾವ ನೆಲದವು ಎಂದು ಹುಡುಕಿ ಕೊಡುವ ಜನ. ಅವರಲ್ಲಿ ಅಂಥವರು ಒಂದು ಊರಿಗಾಗುವಷ್ಟು ಇದ್ದಾರೆ. ನಾನು ಆಯಿತು ಎಂದು ತಲೆಯಾಡಿಸಿದೆ.

ಆಮೇಲೆ ನಾನು ಹೋದೆ. ಕಾರವಾರದಿಂದ ಹಾಯಿ ಕಟ್ಟಿದ ಗಾಳಿಹಡಗಿನಲ್ಲಿ ನಲವತ್ತು ದಿನ. ಅವರ ಸರೋವರ ನೋಡಿದಾಗ ನಾನು ಸಮುದ್ರವೆಂದೇ ತಿಳಿದು, ಬಾಯಿಗೆ ಹಾಕಿಕೊಂಡು ನೋಡಿದೆ. ಸಿಹಿನೀರು. ಕಣ್ಣು ಹಾಯುವಷ್ಟು ದೂರ ಕುಡಿಯುವ ನೀರು, ಮತ್ತು ನಾವು ಇಲ್ಲಿ ಬಾವಿ ಸರದಿಗೆ ಜಗಳವಾಡುತ್ತೇವೆ. ಅವರಿಗೆ ಚಳಿಗಾಲವೂ ಇದೆ, ಅಜ್ಜಿ. ಹೊದ್ದುಕೊಂಡು ಮಲಗುವ ಸುಖ ಇನ್ನೂ ಉಳಿದಿದೆ. ಶಾಲೆ ಅವರದೇ, ಮಕ್ಕಳು ಕೂಡಿಸುವುದು ಕಳೆಯುವುದು ಎಲ್ಲ ಅವರದೇ ಭಾಷೆಯಲ್ಲಿ. ದವಾಖಾನೆ ಅವರದು, ಪಂಚಾಯಿತಿ ಅವರದು, ತಪ್ಪು ಮಾಡಿದವನನ್ನು ಕೂರಿಸಿ ಕೇಳುವ ಕಟ್ಟೆಯೂ ಅವರದೇ. ನಮಗೆ ಕಾಡು ನಮ್ಮ ಹೆಸರಿಗೆ ಬಂದದ್ದೇ ತೊಂಬತ್ತು ವರ್ಷದ ಹಿಂದೆ, ಎಂಟನೇ ತರಗತಿ ದಾಟಿದರೆ ಈಗಲೂ ಮಕ್ಕಳು ಹಳಿಯಾಳಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬೇಕು. ಶರತ್ಕಾಲದಲ್ಲಿ ಅವರು ಇಬ್ಬಿಬ್ಬರಾಗಿ ದೋಣಿಯಲ್ಲಿ ಹೋಗಿ, ನೀರಿನಲ್ಲಿ ತಾನಾಗಿ ಬೆಳೆಯುವ ಮ್ನೋಮೆನ್ ಎಂಬ ಕಪ್ಪು ಅಕ್ಕಿಯ ತೆನೆಯನ್ನು ಕೋಲಿನಿಂದ ಮೆಲ್ಲಗೆ ಬಡಿದು ದೋಣಿಗೆ ಉದುರಿಸಿಕೊಳ್ಳುತ್ತಾರೆ. ಉಳಲಿಲ್ಲ, ಬಿತ್ತಲಿಲ್ಲ, ದೋಣಿ ತುಂಬಿತು. ನಾನು ಉಣ್ಣುತ್ತಾ ಉರಿದುಕೊಂಡೆ. ಅವರ ಸಿಹಿರಸದ ಮೇಪಲ್ ಮರಗಳು ಸೆಕೆಗೆ ಬಡಗಣಕ್ಕೆ ಸರಿದುಹೋಗಿ, ರಸ ಇಳಿಸಲು ಎಂಟು ದಿನ ನಡೆಯಬೇಕು ಎಂದು ತಿಳಿದಾಗ ಮಾತ್ರ ಸ್ವಲ್ಪ ಸಮಾಧಾನವಾಯಿತು. ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ.

ಇಷ್ಟಕ್ಕೆಲ್ಲ ನಾನು ಸುಳ್ಳು ಬರೆಯಲಿಲ್ಲ. ನೀರು ಕೊರತೆ ಎಂದೆ, ಶಾಲೆ ಕೊರತೆ ಎಂದೆ, ಇದ್ದದ್ದನ್ನು ಇದ್ದ ಹಾಗೆ ಬರೆದೆ. ಕೆಟ್ಟದ್ದು ಕೊನೆಯ ವಾರ. ಪ್ರತಿ ವರ್ಷ ಅವರು, ತಮ್ಮ ಹಿರಿಯರನ್ನು ಎಬ್ಬಿಸಿಕೊಂಡು ಹೋದ ದಾರಿಯಲ್ಲಿ ಎರಡು ದಿನ ನಡೆಯುತ್ತಾರೆ. ಅಲ್ಲಲ್ಲಿ ನಿಂತು, ಆ ದಿನ ನಡೆದವರ ಹೆಸರುಗಳನ್ನು ಅವರವರ ಮನೆಯವರು ಹೇಳುತ್ತಾರೆ. ಎಲ್ಲರೂ ತಲೆ ತಗ್ಗಿಸಿ ಆ ಹೆಸರನ್ನು ಮೂರು ಸಲ ತಿರುಗಿ ಹೇಳುತ್ತಾರೆ. ಜೋಸೆಟ್ ತನ್ನ ಅಜ್ಜಿಯಿಂದ ಹಿಡಿದು ಹಿಂದೆ ಹಿಂದೆ ಹೋಗಿ, ನಡೆದ ಹೆಂಗಸಿನವರೆಗೂ ತಡವರಿಸದೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮವರದೂ ಒಂದು ಹೆಸರು ಹೇಳಿರಿ, ಹಡಗಿನಲ್ಲಿ ಬಂದವರದು" ಅಂದಳು. ಪ್ರೀತಿಯಿಂದಲೇ ಅಂದಳು. ನನಗೆ ಮುತ್ತಜ್ಜಿಯಿಂದ ಆಚೆಗೆ ಒಂದು ಹೆಸರೂ ಗೊತ್ತಿಲ್ಲ. ಇನ್ನೂರು ಜನ ಕಾಯುತ್ತಿದ್ದರು. ಬಾಯಿಗೆ ಬಂದದ್ದು ಹೇಳಿಬಿಟ್ಟೆ, ಗುಲಾಬಿ. ಅದು ನಮ್ಮ ಮನೆಯ ಎಮ್ಮೆಯ ಹೆಸರು. ಇನ್ನೂರು ಜನ ತಲೆ ತಗ್ಗಿಸಿ ಮೂರು ಸಲ ಗುಲಾಬಿ ಎಂದರು. ಈಗಲೂ ಪ್ರತಿ ವರ್ಷ ಅನ್ನುತ್ತಾರಂತೆ.

ಆ ಸಂಜೆ ವರದಿಯಲ್ಲಿ ಮಾತು ಎಂಬ ಖಾಲಿ ಜಾಗ ನನ್ನ ಮುಂದಿತ್ತು. ಜೋಸೆಟ್ ಪಕ್ಕದ ಕೋಣೆಯಲ್ಲಿ ನನಗಾಗಿ ಅಕ್ಕಿ ಬೇಯಿಸುತ್ತಿದ್ದಳು. ಇವರಿಗೆ ಹೆಸರಿದೆ, ನೀರಿದೆ, ಭಾಷೆಯಿದೆ, ನಮ್ಮ ಆಯಿಯೂ ಇವರಿಗೇ ಬೇಕೋ, ಇನ್ನು ಇವರು ಬಂದು ನಮ್ಮ ಹಾಡಿನ ಅರ್ಥವನ್ನೂ ನಮಗೆ ಹೇಳಿಕೊಡಬೇಕೋ ಅನ್ನಿಸಿತು. ಲೇಖನಿ ಒತ್ತಿ ಬರೆದೆ, "ನಮ್ಮ ಮಾತು ನಮ್ಮಲ್ಲಿ ಕ್ಷೇಮವಾಗಿದೆ. ಕೊರತೆಯಿಲ್ಲ." ಮುದ್ರೆ ಒತ್ತಿ ಕೊಟ್ಟು ಊಟಕ್ಕೆ ಹೋದೆ. ಆ ದಿನ ಊಟ ಚೆನ್ನಾಗಿ ಸೇರಿತು.

ನಾನು ಮರಳಿ ಬಂದ ಮೇಲಿನ ಮೊದಲ ಮಳೆಗಾಲದಲ್ಲೇ ಆಯಿ ಹೋದಳು. ನಾಲ್ಕು ದಿನ ಜ್ವರ, ಅಷ್ಟೇ. ನನಗೆ ಬೈಯಲೂ ಇಲ್ಲ, ವರದಿಯ ಸಂಗತಿ ಅವಳಿಗೆ ಗೊತ್ತೇ ಇರಲಿಲ್ಲ. ಹೂತು ಬಂದ ಮೇಲೆ ಅವಳು ಅರ್ಧ ಹೊಲಿದಿಟ್ಟ ಕೌದಿಯನ್ನು ನನ್ನ ಮಡಿಲಿಗೆ ಹಾಕಿದರು. ಈಗ ಮನೆಗೆ ಹಿರಿಯವಳು ನಾನು. ಸುತ್ತು ಹಾಕಿಕೊಂಡು ನಡುವಿಗೆ ಬಂದೆ, ಅಕ್ಕಿಕಾಳು ಹಾಕಿದೆ, ಬಾಯಿ ತೆರೆದೆ. ರಾಗ ಬಂತು. ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ರಾಗ, ಅದು ಎಲ್ಲಿಗೂ ಹೋಗುವುದಿಲ್ಲ. ಮಾತು ಎರಡನೇ ಸಾಲಿಗೇ ನಿಂತುಹೋಯಿತು. ಸುತ್ತ ಕುಳಿತ ಹೆಂಗಸರು ನೆಲ ನೋಡಿದರು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕೌದಿಯೂ ಮುಗಿದಿಲ್ಲ. ಹನ್ನೊಂದು ಕೌದಿಗಳು ಹೊಟ್ಟೆ ತೆರೆದುಕೊಂಡು ಅಟ್ಟದ ಮೇಲೆ ಬಿದ್ದಿವೆ. ಕೇಳಿದವರಿಗೆ ಕಣ್ಣು ಕಾಣುವುದಿಲ್ಲ ಎಂದು ಹೇಳುತ್ತೇನೆ.

ಅದೇ ವರ್ಷ ಎರಡೂ ವರದಿಗಳನ್ನು ಚಾವಡಿಯಲ್ಲಿ ಓದಿದರು. ನನ್ನದಕ್ಕೆ ಚಪ್ಪಾಳೆ ಬಿತ್ತು, ಮಾತಿನಲ್ಲಾದರೂ ನಾವು ಯಾರಿಗೂ ಕಡಿಮೆಯಿಲ್ಲವಲ್ಲ ಎಂದು. ಆಮೇಲೆ ಜೋಸೆಟ್‌ಳ ವರದಿ. ಅವಳು ತನ್ನ ಊರಿನ ಕೊರತೆ ಎಂದು ಬರೆದದ್ದು ಇದು: "ನಮ್ಮಲ್ಲಿ ಸತ್ತವರ ಹೆಸರುಗಳಿವೆ. ಸಿದ್ದಿಯರಲ್ಲಿ ಸತ್ತವರ ಸೀರೆ ಹೊದ್ದು ಮಕ್ಕಳು ಮಲಗುತ್ತಾರೆ. ನಮಗೆ ಹಾಗೆ ಮಲಗಲು ಬರುವುದಿಲ್ಲ. ಕೌದಿ ಹೊಲಿಯುವವರು ಬೇಕು. ಇದನ್ನು ಬರೆಯುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿದೆ." ಅವಳಿಗೂ, ಅಜ್ಜಿ. ಆದರೆ ಅವಳು ಅದನ್ನು ಬರೆದಳು, ಬರೆದು ಪಡೆದುಕೊಂಡಳು. ನಿಯಮದ ಪ್ರಕಾರ ನಮ್ಮೂರಿನ ಒಳ್ಳೆಯ ಹೊಲಿಗೆಗಾರ್ತಿಯನ್ನು ಕಳಿಸಬೇಕಾಯಿತು. ಊರವರು ಆರಿಸಿದ್ದು ನನ್ನ ಮಗಳು ರೊಜ್ರಿಯನ್ನು. ನನ್ನ ಸುಳ್ಳಿನಿಂದ ಇಲ್ಲಿಗೆ ಯಾರೂ ಬರಲಿಲ್ಲ, ಅವಳ ನಿಜದಿಂದ ನನ್ನ ಮಗಳು ಹೋದಳು.

ರೊಜ್ರಿ ಅಲ್ಲೇ ಮದುವೆಯಾದಳು. ಸಮುದ್ರದಾಚೆ ಮಾತಾಡುವ ತಂತಿಗಳು ಕೆಟ್ಟು ಎಂಬತ್ತು ವರ್ಷವಾಗಿರುವುದರಿಂದ ಹಡಗಿನಲ್ಲಿ ಬರುವ ಕಾಗದವೇ ಗತಿ. ಹೋದ ವಾರ ಒಂದು ಬಂತು. ನಮ್ಮ ಮನೆಮಾತಿನಲ್ಲೇ ಬರೆದಿದ್ದಾಳೆ. "ಆಯಿ, ನಾ ಈಗ ಎರಡು ಜೀವದಾಕಿ. ಹೋಳಿ ಹೊತ್ತಿಗೆ ಕೂಸು ಬರತೈತಿ, ಆವಾಗೂ ಇಲ್ಲಿ ಭಾಳ ಥಂಡಿ ಇರತೈತಿ. ಕೂಸಿನ ಕೌದಿ ಅಜ್ಜಿನ ಮುಚ್ಚಬೇಕಲ್ಲ. ನೀ ಕಳಸ್ತಿ ಅಂತ ನಾ ಹೇಳೇನಿ. ನಿನ್ನ ಕಣ್ಣಿಗೆ ಆಗೂದಿಲ್ಲಂದ್ರ ಜೋಸೆಟಕ್ಕ ಮುಚ್ಚತೀನಿ ಅಂದಾಳ. ಆಕಿಗೆ ಆ ಹಾಡು ಪೂರಾ ಬರತೈತಿ. ಮುದಿ ಆಯಿ ನಡುವ ಉಸಿರು ತಗೊಂತಿದ್ಲಲ್ಲ, ಅದ ಜಾಗದಾಗ ತಗೊಂತಾಳ. ಕೇಳಿದ್ರ ನನಗ ಅಳು ಬರತೈತಿ."

ಓದಿ ಕಾಗದವನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದೆ. ನನ್ನ ತಾಯಿಯ ಹಾಡು ಲೋಕದಲ್ಲಿ ಈಗ ಒಬ್ಬಳ ಬಾಯಲ್ಲಿ ಮಾತ್ರ ಇದೆ, ಆ ಒಬ್ಬಳು ನಾನಲ್ಲ. ನನ್ನ ಮೊಮ್ಮಗುವಿನ ಕೌದಿಯನ್ನು ಅವಳು ಮುಚ್ಚುತ್ತಾಳಂತೆ. ಜೋಸೆಟ್‌ಳಿಗೆ ಬರೆದು ಕೇಳಿದರೆ ಕೊಡುತ್ತಾಳೆ, ನನಗೆ ಗೊತ್ತು. ಅವಳಿಗೆ ಕನ್ನಡದ ಅಕ್ಷರ ಬರುತ್ತದೆ, ಮಾತುಗಳನ್ನು ಬರೆದು ಕಳಿಸಿದರೆ ಸಾಕು, ರಾಗ ನನ್ನಲ್ಲಿದೆ. ಈ ವಾರದ ಹಡಗಿಗೆ ಹಾಕಿದರೆ ಸಂಕ್ರಾಂತಿಗೆ ಮೊದಲೇ ಉತ್ತರ ಬರುತ್ತದೆ, ಮುಚ್ಚಿದ ಕೌದಿ ಹೋಳಿಗೆ ಅಲ್ಲಿ ಮುಟ್ಟುತ್ತದೆ. ಹಡಗು ನಾಡಿದ್ದು. ಏಳು ದಿನದಿಂದ ಕಾಗದ ತೆಗೆದಿಡುತ್ತೇನೆ, ಒಂದಕ್ಷರ ಬೀಳುವುದಿಲ್ಲ. ಅವಳನ್ನು ಕೇಳುವುದಕ್ಕಿಂತ ಇನ್ನೂರೈವತ್ತು ವರ್ಷದ ಹಿಂದಿನ ನಿನ್ನನ್ನು ಕೇಳುವುದು ಸುಲಭ ಎಂದು ನಿನಗೆ ಬರೆಯಲು ಕುಳಿತೆ.

ಬರೆಯುತ್ತಾ ಬರೆಯುತ್ತಾ ನಿನ್ನ ಮೇಲೆಯೂ ಹೊಟ್ಟೆ ಉರಿಯುತ್ತಿದೆ. ನಿನ್ನ ಮನೆಯಲ್ಲಿ ಈ ಹೊತ್ತಿಗೆ ಯಾರೋ ಒಬ್ಬ ಮುದುಕಿ ಕಂಬಕ್ಕೆ ಒರಗಿ ಆ ಹಾಡು ಹೇಳುತ್ತಿರಬೇಕು, ಬಹುಶಃ ಅರ್ಥವೂ ಗೊತ್ತಿರುವವಳು. ನೀನು ಒಳಗೆಲ್ಲೋ ಕೆಲಸವಿದೆ ಎಂದು ಓಡಾಡಿಕೊಂಡಿರುತ್ತೀಯ. ನಾನೂ ಹಾಗೆಯೇ ಮಾಡಿದವಳು, ಅದಕ್ಕೇ ಹೇಳುವ ಧೈರ್ಯ ಮಾಡುತ್ತಿದ್ದೇನೆ. ಅವಳನ್ನು ಏನೂ ಕೇಳಬೇಡ. ಸೂಜಿ ತೆಗೆದುಕೊಂಡು ಹೋಗಿ ಬಗಲಲ್ಲಿ ಕೂರು.

ನೀನು ಓದುವುದಿಲ್ಲ. ನಿನಗೆ ಮುಟ್ಟುವುದಿಲ್ಲ. ಮುಟ್ಟುವ ಕಾಗದ ಒಂದೇ, ಅದನ್ನು ಈಗ ಈ ಹಾಳೆಯ ಪಕ್ಕದಲ್ಲೇ ಇಟ್ಟುಕೊಂಡು ಬರೆದೆ. ಮೂರೇ ಸಾಲು. "ಜೋಸೆಟಕ್ಕ, ನಾನು ವರದಿಯಲ್ಲಿ ಸುಳ್ಳು ಬರೆದೆ. ನನಗೆ ಹಾಡು ಬರುವುದಿಲ್ಲ. ನಮ್ಮ ಆಯಿ ನಿನಗೆ ಕೊಟ್ಟದ್ದನ್ನು ನನಗೆ ಬರೆದು ಕಳಿಸು." ಅಕ್ಕ ಎಂದು ಬರೆಯುವಾಗ ಎದೆಯೊಳಗೆ ಒಲೆ ಹಚ್ಚಿದ ಹಾಗಾಯಿತು. ಉರಿದರೆ ಉರಿಯಲಿ. ಅಲ್ಲಿ ಕೂಸಿಗೆ ಚಳಿಯಾಗಬಾರದು.

ನಿನ್ನ
ಪಾವ್ಲಿನಾ